ಮಲಗಿಸಿ ಸಾಕುವುದು ಆರೈಕೆಯಲ್ಲ

ಮಳೆಗಾಲಕ್ಕೆ ಮುಂಚೆ ಕೊಳೆರೋಗದ ಮದ್ದು, ಬೇಸಿಗೆಯಲ್ಲಿ ತೋಟದ ನೀರು, ಹೀಗೆ ಕಾಲಕ್ಕೆ ತಕ್ಕ ವಿಷಯಗಳನ್ನು ಈ ಪುಟದಲ್ಲಿ ಬರೆಯುವುದು ವಾಡಿಕೆ. ಈ ಸಲ ಆ ತೋಟವನ್ನು ಮಾಡಿದವರ ಬಗ್ಗೆಯೇ ಬರೆಯುತ್ತಿದ್ದೇವೆ. ಮಂಜೇಶ್ವರ, ಕುಂಬಳೆ, ಬೇಳ, ಕಯ್ಯಾರು, ವರ್ಕಾಡಿ ಕಡೆಯ ಹಲವು ವಾರ್ಡುಗಳಲ್ಲಿ ಪಾರ್ಶ್ವವಾಯು ಬಡಿದು ಮಂಚ ಹಿಡಿದ ಹಿರಿಯರಿದ್ದಾರೆ. ಜನರ ಬಾಯಲ್ಲಿ ಇದು ಲಕ್ವ, ಕೆಲವರಿಗೆ ಪಕ್ಷವಾತ. ಈ ಮನೆಗಳಲ್ಲಿ ಸೇವೆಗೆ ಕೊರತೆಯಿಲ್ಲ. ಹೊತ್ತು ಹೊತ್ತಿಗೆ ಗಂಜಿ ಕುಡಿಸುತ್ತಾರೆ, ಮೈ ಒರೆಸುತ್ತಾರೆ, ಎಣ್ಣೆ ತಿಕ್ಕುತ್ತಾರೆ, ಬಟ್ಟೆ ಬದಲಿಸುತ್ತಾರೆ. ಆದರೂ ಆರು ತಿಂಗಳು ಕಳೆದ ಮೇಲೆ ನೋಡಿದರೆ ರೋಗಿಗೆ ತಾನಾಗಿ ಮಗ್ಗುಲು ತಿರುಗಲಿಕ್ಕೂ ಬರುವುದಿಲ್ಲ. "ಅವರ ಹಣೆಯಲ್ಲಿ ಬರೆದದ್ದು ಅಷ್ಟೇ" ಎಂದು ಮನೆಯವರು ಸಮಾಧಾನ ಹೇಳಿಕೊಳ್ಳುತ್ತಾರೆ.

ಅಷ್ಟೇ ಅಲ್ಲ ಎಂಬುದು ನಮ್ಮ ಅಭಿಪ್ರಾಯ. ಎಲ್ಲರೂ ಮೊದಲಿನಂತೆ ಆಗುತ್ತಾರೆ ಎಂದು ನಾವು ಹೇಳುವುದಿಲ್ಲ. ಆದರೆ ಮಂಚದಲ್ಲೇ ಉಳಿದವರಲ್ಲಿ ಹಲವರು ಕೂರಬಹುದಿತ್ತು, ನಿಲ್ಲಬಹುದಿತ್ತು, ಕೋಲು ಹಿಡಿದು ಅಂಗಳದವರೆಗೆ ಬರಬಹುದಿತ್ತು. ಅದಕ್ಕೆ ಬೇಕಾದದ್ದು ಸಕಾಲದ ಅಭ್ಯಾಸ ಮತ್ತು ಅದನ್ನು ಕಲಿಸುವ ಒಬ್ಬರು. ನಮ್ಮ ಮನೆಗಳಲ್ಲಿ ಇವೆರಡರ ಬದಲು ವಿಶ್ರಾಂತಿ ಮತ್ತು ಎಣ್ಣೆ ಸಿಗುತ್ತಿವೆ. ಇದು ಬದಲಾಗಬೇಕು ಎಂಬುದಕ್ಕಾಗಿ ಈ ಬರಹ.

ಮಿದುಳಿನ ಒಳಗೆ ನಡೆಯುವುದೇನು?

ತೋಟದ ನೀರಿನ ಕಣಿ ಒಂದೆಡೆ ಕಟ್ಟಿಕೊಂಡರೆ ಅದರ ಕೆಳಗಿನ ಸಾಲಿನ ಗಿಡಗಳು ಬಾಡುತ್ತವೆ. ಹಾಗೆಯೇ ಮಿದುಳಿನ ಒಂದು ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ನಿಂತರೆ ಅದರಾಚೆಯ ಭಾಗ ಆಹಾರವಿಲ್ಲದೆ ಸಾಯುತ್ತದೆ. ಹೆಚ್ಚಿನ ಪಾರ್ಶ್ವವಾಯು ಈ ಜಾತಿಯದು. ಕೆಲವರಲ್ಲಿ ರಕ್ತನಾಳ ಒಡೆದು ಮಿದುಳಿನೊಳಗೆ ರಕ್ತಸ್ರಾವ ಆಗುತ್ತದೆ. ಮಿದುಳಿನ ಬಲಭಾಗಕ್ಕೆ ಏಟಾದರೆ ಎಡ ಕೈಕಾಲು, ಎಡಭಾಗಕ್ಕೆ ಏಟಾದರೆ ಬಲ ಕೈಕಾಲು ಸೋಲುತ್ತವೆ. ಕೈಕಾಲುಗಳಲ್ಲಿ ರೋಗವಿಲ್ಲ, ಅವುಗಳಿಗೆ ಆಜ್ಞೆ ಹೋಗುವ ದಾರಿ ಕಡಿದಿದೆ. ಈ ಒಂದು ಮಾತನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಸತ್ತ ಭಾಗ ಮತ್ತೆ ಹುಟ್ಟುವುದಿಲ್ಲ. ಆದರೆ ಅದರ ಸುತ್ತಲಿನ ಭಾಗಗಳು ಅದರ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ವಹಿಸಿಕೊಳ್ಳಬಲ್ಲವು. ಆಟಿಯ ಮಳೆಗೆ ಕಾಲುದಾರಿ ಕುಸಿದುಹೋದರೆ ನಾವು ಗುಡ್ಡದ ಬದಿಯಿಂದ ಸುತ್ತು ಹಾಕಿ ಹೋಗುತ್ತೇವೆ. ಮೊದಲ ದಿನ ಅಲ್ಲಿ ಮುಳ್ಳು, ಹುಲ್ಲು. ದಿನವೂ ನಡೆದರೆ ತಿಂಗಳೊಳಗೆ ಅದೇ ದಾರಿಯಾಗುತ್ತದೆ. ಯಾರೂ ನಡೆಯದಿದ್ದರೆ ಹುಲ್ಲು ಹುಲ್ಲಾಗಿಯೇ ಉಳಿಯುತ್ತದೆ. ಮಿದುಳಿನಲ್ಲಿ ಹೊಸ ದಾರಿ ಬೀಳುವುದೂ ಹೀಗೆಯೇ. ಒಂದೇ ಚಲನೆಯನ್ನು ಹತ್ತು ಸಲವಲ್ಲ, ನೂರಾರು ಸಲ, ದಿನ ದಿನವೂ ಮಾಡಿದಾಗ ಅದು ಬೀಳುತ್ತದೆ. ಮೊದಲ ಮೂರು ತಿಂಗಳಲ್ಲಿ ಚೇತರಿಕೆಯ ವೇಗ ಹೆಚ್ಚು. ಆರು ತಿಂಗಳ ಮೇಲೆ ಅದು ನಿಧಾನವಾಗುತ್ತದೆ, ಆದರೆ ನಿಂತುಹೋಗುವುದಿಲ್ಲ. ಆದುದರಿಂದ "ಮೊದಲು ಸ್ವಲ್ಪ ಶಕ್ತಿ ಬರಲಿ, ಆಮೇಲೆ ವ್ಯಾಯಾಮ ನೋಡುವ" ಎಂದು ಕಾಯುವ ಮನೆಯವರು ಬಿತ್ತನೆಯ ಕಾಲವನ್ನೇ ಕಳೆದುಕೊಳ್ಳುತ್ತಾರೆ.

ಮಂಚ ಮಾಡುವ ಹಾನಿ

ಮಲಗಿದರೆ ನಷ್ಟವೇನು ಎಂದು ಕೇಳಬಹುದು. ನಷ್ಟ ದೊಡ್ಡದು. ಕೆಲಸವಿಲ್ಲದ ಸ್ನಾಯು ಕೆಲವೇ ದಿನಗಳಲ್ಲಿ ಸೊರಗತೊಡಗುತ್ತದೆ. ಸೋತ ಕಾಲಿನ ಸ್ನಾಯುವಷ್ಟೇ ಅಲ್ಲ, ಒಳ್ಳೆಯ ಕಾಲಿನದೂ ಸೊರಗುತ್ತದೆ. ಪಾದ ಕೆಳಮುಖವಾಗಿ ಬಾಗಿ ಹಿಮ್ಮಡಿಯ ನರ ಗಿಡ್ಡವಾದರೆ ಮುಂದೆ ಶಕ್ತಿ ಬಂದರೂ ಪಾದವನ್ನು ನೆಲಕ್ಕೆ ಸಮನಾಗಿ ಇಡಲು ಆಗುವುದಿಲ್ಲ. ಮಡಚಿದ ಬೆರಳು, ಮಡಚಿದ ಮೊಣಕೈ ಹಾಗೆಯೇ ಬಿಗಿಯುತ್ತವೆ. ಬೆನ್ನಿನ ಬುಡದಲ್ಲಿ ಹುಣ್ಣು, ಎದೆಯಲ್ಲಿ ಕಫ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಇವೆಲ್ಲ ಮಂಚದ ಕೊಡುಗೆಗಳು. ಏಳಲಿಕ್ಕೇ ಆಗದ ರೋಗಿಯನ್ನು ಕೂಡ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು.

ಕಾಣದ ನಷ್ಟ ಇನ್ನೊಂದಿದೆ. "ನೀವು ಕೂತಿರಿ ಅಪ್ಪಾ, ನಾನು ತರ್ತೇನೆ" ಎಂದು ಮಗ ಹೇಳುವುದು ಪ್ರೀತಿಯಿಂದಲೇ. ದಿನಕ್ಕೆ ಇಪ್ಪತ್ತು ಸಲ ಆ ಮಾತು ಕೇಳಿದ ಅಪ್ಪನಿಗೆ ತನ್ನಿಂದ ಏನೂ ಆಗದು ಎಂಬುದು ಖಾತ್ರಿಯಾಗುತ್ತದೆ. ಪಾರ್ಶ್ವವಾಯು ಬಡಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಮೂವತ್ತು ವರ್ಷ ಆಳುಗಳಿಗೆ ಕೆಲಸ ಹೇಳಿದವನು ಒಂದು ಲೋಟ ನೀರಿಗೂ ಇನ್ನೊಬ್ಬರ ಮುಖ ನೋಡಬೇಕಾದಾಗ ಮನಸ್ಸು ಕುಸಿಯುವುದು ಸಹಜ. ಊಟ ಬಿಟ್ಟು, ಮಾತು ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗುವವರಿಗೆ ಬೈದು ಪ್ರಯೋಜನವಿಲ್ಲ. ಅದೂ ಒಂದು ರೋಗ, ಅದಕ್ಕೂ ಮದ್ದಿದೆ. ವೈದ್ಯರಿಗೆ ಹೇಳಬೇಕು.

ಆತುರವೂ ಬೇಡ

ಹಾಗೆಂದು ಆಸ್ಪತ್ರೆಯ ಮೊದಲ ದಿನವೇ ರೋಗಿಯನ್ನು ಎಬ್ಬಿಸಿ ನಡೆಸಲು ಹೋಗಬಾರದು. ಐದು ದೇಶಗಳ 56 ಆಸ್ಪತ್ರೆಗಳಲ್ಲಿ 2104 ರೋಗಿಗಳನ್ನು ಸೇರಿಸಿ ನಡೆಸಿದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮೊದಲ 24 ಗಂಟೆಯೊಳಗೆ ಎಬ್ಬಿಸಿ ಹೆಚ್ಚು ಹೊತ್ತು ವ್ಯಾಯಾಮ ಮಾಡಿಸಿದವರಿಗೆ ಸಾಮಾನ್ಯ ಆರೈಕೆ ಪಡೆದವರಿಗಿಂತ ಫಲ ಕಡಿಮೆಯೇ ಸಿಕ್ಕಿತು. ಎಂದು ಎಬ್ಬಿಸಬೇಕು, ಎಷ್ಟು ಹೊತ್ತು ಕೂರಿಸಬೇಕು ಎಂಬುದನ್ನು ರಕ್ತದೊತ್ತಡ, ರಕ್ತಸ್ರಾವ ನೋಡಿ ವೈದ್ಯರು ಹೇಳುತ್ತಾರೆ. ಆಮೇಲಿನ ನಿಯಮ ಸುಲಭ. ಒಮ್ಮೆಗೆ ಸ್ವಲ್ಪ, ದಿನಕ್ಕೆ ಹಲವು ಸಲ. ಎಳೆಯ ಸಸಿಗೆ ನೀರು ಕೊಟ್ಟ ಹಾಗೆ.

ಒಂದೊಂದೇ ಮೆಟ್ಟಿಲು

ಚಲನೆ ಮತ್ತು ಸಮತೋಲನ ಮರಳುವುದು ಹೆಚ್ಚಾಗಿ ಒಂದು ಕ್ರಮದಲ್ಲಿ. ಮೊದಲು ಮಗ್ಗುಲು ತಿರುಗುವುದು, ಆಮೇಲೆ ಕೂರುವುದು, ಆಮೇಲೆ ಏಳುವುದು, ನಿಲ್ಲುವುದು, ಕೊನೆಗೆ ನಡೆಯುವುದು. ಕೂರಲು ಬಾರದವನನ್ನು ಇಬ್ಬರು ಕಂಕುಳಲ್ಲಿ ಕೈ ಹಾಕಿ ಎಳೆದು ನಡೆಸುವುದನ್ನು ನಾವು ಎಷ್ಟೋ ಮನೆಗಳಲ್ಲಿ ನೋಡಿದ್ದೇವೆ. ಅದು ನಡಿಗೆಯೂ ಅಲ್ಲ, ವ್ಯಾಯಾಮವೂ ಅಲ್ಲ. ಸೋತ ಭುಜದ ಕೀಲನ್ನು ಸ್ನಾಯುಗಳು ಹಿಡಿದಿರುವುದಿಲ್ಲ. ಆ ಕೈ ಎಳೆದರೆ ಕೀಲು ಜಾರಿ ತಿಂಗಳುಗಟ್ಟಲೆ ನೋವು ಉಳಿಯುತ್ತದೆ. ಹಿಡಿಯಬೇಕಾದದ್ದು ಸೊಂಟವನ್ನು. ಸೊಂಟಕ್ಕೆ ಅಗಲವಾದ ಬೆಲ್ಟು ಕಟ್ಟಿದರೆ ಹಿಡಿಯಲು ಸುಲಭ. ಹಿಡಿಯುವವರು ಸೋತ ಬದಿಯಲ್ಲಿ ನಿಲ್ಲಬೇಕು. ಕೂತಾಗ ಆ ಕೈ ಜೋತುಬೀಳದಂತೆ ಕೆಳಗೆ ದಿಂಬು ಇಡಬೇಕು.

ಕೂರುವ ಅಭ್ಯಾಸಕ್ಕೆ ಮಂಚದ ಅಂಚು ಸಾಕು. ಎರಡೂ ಪಾದ ನೆಲಕ್ಕೆ ತಾಗಿರಬೇಕು. ಎದುರು ಒಂದು ಕನ್ನಡಿ ಇದ್ದರೆ ತಾನು ಯಾವ ಕಡೆ ವಾಲುತ್ತಿದ್ದೇನೆ ಎಂದು ರೋಗಿಗೇ ತಿಳಿಯುತ್ತದೆ. ನೇರ ಕೂರಲು ಬಂದ ಮೇಲೆ ಒಳ್ಳೆಯ ಕೈಯನ್ನು ಮುಂದಕ್ಕೆ, ಪಕ್ಕಕ್ಕೆ ಚಾಚಿ ಒಂದು ಲೋಟ ಮುಟ್ಟಿ ಹಿಂದೆ ಬರಬೇಕು. ಲೋಟವನ್ನು ದಿನ ದಿನಕ್ಕೆ ನಾಲ್ಕು ಬೆರಳು ದೂರ ಸರಿಸುತ್ತಾ ಹೋಗಬೇಕು. ಬೀಳುವೆನೋ ಎಂಬ ಅಂಚಿನವರೆಗೆ ಹೋಗಿ ಮರಳುವುದರಲ್ಲಿಯೇ ಮೈ ಸಮತೋಲನ ಕಲಿಯುವುದು.

ಏಳುವ ಅಭ್ಯಾಸಕ್ಕೆ ಗಟ್ಟಿ ಕುರ್ಚಿ ಬೇಕು, ಪ್ಲಾಸ್ಟಿಕ್ಕಿನದು ಬೇಡ. ಪಾದಗಳನ್ನು ಮೊಣಕಾಲಿಗಿಂತ ಸ್ವಲ್ಪ ಹಿಂದೆ ಎಳೆದು, ಮೂಗು ಕಾಲಬೆರಳಿನ ಮೇಲೆ ಬರುವಷ್ಟು ಮುಂದೆ ಬಾಗಿ, ಆಮೇಲೆ ಏಳಬೇಕು. ಮೊದಮೊದಲು ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರಿಸಿದರೆ ಏಳುವುದು ಹಗುರ. ನಿಂತ ಮೇಲೆ ಕಿಟಕಿಯ ಸರಳು ಒಳ್ಳೆಯ ಆಸರೆ. ಸರಳು ಹಿಡಿದು ಸೋತ ಕಾಲಿನ ಮೇಲೆ ಭಾರ ಹಾಕಿ ಹತ್ತು ಎಣಿಸಬೇಕು. ಕೆಲವು ದಿನಗಳ ಮೇಲೆ ಹಿಡಿತ ಸಡಿಲಿಸಿ ಒಂದು ಬೆರಳು ಮಾತ್ರ ತಾಗಿಸಿ ನಿಲ್ಲಬೇಕು. ಆಮೇಲೆ ಅದೂ ಬೇಡ. ಆದರೆ ಹಿಂದೆ ಕುರ್ಚಿ, ಪಕ್ಕದಲ್ಲಿ ಒಬ್ಬರು ಇರಲೇಬೇಕು.

ನಡೆಯುವಾಗ ಕೋಲು ಒಳ್ಳೆಯ ಕೈಯಲ್ಲಿರಬೇಕು. ಕೋಲು, ಸೋತ ಕಾಲು, ಒಳ್ಳೆಯ ಕಾಲು, ಇದು ಹೆಜ್ಜೆಯ ಕ್ರಮ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಪಾದ ಎತ್ತಲಾಗದೆ ಬೆರಳು ನೆಲಕ್ಕೆ ಉಜ್ಜುತ್ತಿದ್ದರೆ ಹಿಮ್ಮಡಿಗೆ ಹಾಕುವ ಪಟ್ಟಿ ಸಿಗುತ್ತದೆ, ಅದನ್ನು ಫಿಸಿಯೊಥೆರಪಿಸ್ಟರ ಸಲಹೆಯಂತೆ ಅಳತೆ ನೋಡಿ ತರಬೇಕು. ವ್ಯಾಯಾಮದ ನಡುವೆ ಎದೆನೋವು, ಉಬ್ಬಸ, ತಲೆಸುತ್ತು, ಹೊಸದಾಗಿ ತೊದಲು ಅಥವಾ ಶಕ್ತಿಹೀನತೆ ಕಂಡರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಕೆಲವರು ತಟ್ಟೆಯ ಬಲಭಾಗದ ಅನ್ನ ಉಂಡು ಎಡಭಾಗದ್ದನ್ನು ಹಾಗೆಯೇ ಬಿಟ್ಟು ಕೈ ತೊಳೆಯುತ್ತಾರೆ. ಎಡಗಡೆಯ ಬಾಗಿಲಿಗೆ ಭುಜ ಬಡಿಸಿಕೊಳ್ಳುತ್ತಾರೆ. ಇದು ಹಟವೂ ಅಲ್ಲ, ಕಣ್ಣಿನ ದೋಷವೇ ಎಂದೂ ಅಲ್ಲ. ಮಿದುಳು ಆ ಬದಿಯನ್ನು ಗಮನಿಸುವುದನ್ನೇ ಬಿಟ್ಟಿರುತ್ತದೆ. ಅಂಥವರ ಜೊತೆ ಆ ಬದಿಯಲ್ಲಿಯೇ ಕೂತು ಮಾತನಾಡಿ, ಅತ್ತ ತಿರುಗಿ ನೋಡುವ ಅಭ್ಯಾಸ ಮಾಡಿಸಬೇಕು. ಸೋತ ಕೈಗೆ ಬಿಸಿಯ ಅರಿವು ಇಲ್ಲದಿರಬಹುದು, ಆದುದರಿಂದ ಹಂಡೆಯ ನೀರನ್ನು ಒಳ್ಳೆಯ ಕೈಯಿಂದಲೇ ನೋಡಬೇಕು. ಗಂಜಿ ಕುಡಿಯುವಾಗ ಕೆಮ್ಮು ಬಂದರೆ, ಕುಡಿದ ಮೇಲೆ ಸ್ವರ ಒದ್ದೆಯಾದಂತೆ ಕೇಳಿದರೆ ಆಹಾರ ಶ್ವಾಸಕೋಶಕ್ಕೆ ಹೋಗುತ್ತಿದೆ ಎಂದು ಸಂಶಯಪಟ್ಟು ವೈದ್ಯರಿಗೆ ತೋರಿಸಬೇಕು. ಮಲಗಿದವರ ಬಾಯಿಗೆ ಏನನ್ನೂ ಹೊಯ್ಯಬಾರದು.

ಕೈಗೆ ಕೆಲಸ ಕೊಡಿ

ಕಾಲಿಗಿಂತ ಕೈ ಮರಳುವುದು ನಿಧಾನ. ಒಂದು ಕೈ ಸರಿ ಇರುವಾಗ ಸೋತ ಕೈಯನ್ನು ಮರೆತುಬಿಡುವ ಅಭ್ಯಾಸವೂ ಅದಕ್ಕೆ ಒಂದು ಕಾರಣ. ಅಮೆರಿಕದಲ್ಲಿ 222 ರೋಗಿಗಳ ಮೇಲೆ ನಡೆಸಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎರಡು ವಾರ ಒಳ್ಳೆಯ ಕೈಗೆ ಕೈಚೀಲ ತೊಡಿಸಿ, ಎಚ್ಚರವಿರುವ ಹೆಚ್ಚಿನ ಹೊತ್ತು ಸೋತ ಕೈಯಿಂದಲೇ ಕೆಲಸ ಮಾಡಿಸಲಾಯಿತು. ಒಂದು ವರ್ಷದ ಮೇಲೂ ಅವರ ಕೈಯ ಸುಧಾರಣೆ ಉಳಿದಿತ್ತು. ಮಣಿಕಟ್ಟು ಮತ್ತು ಬೆರಳುಗಳನ್ನು ಸ್ವಲ್ಪವಾದರೂ ಬಿಡಿಸಬಲ್ಲವರಿಗೆ ಮಾತ್ರ ಇದು ಹೊಂದುತ್ತದೆ. ತಿಳಿದವರ ಮಾರ್ಗದರ್ಶನವಿಲ್ಲದೆ ಮಾಡಬಾರದು. ಆದರೆ ಅದರ ಹಿಂದಿನ ತತ್ವ ಎಲ್ಲರಿಗೂ ಸಲ್ಲುತ್ತದೆ. ಕೆಲಸ ಕೊಟ್ಟ ಕೈಗೆ ಕೆಲಸ ಬರುತ್ತದೆ.

ಕೃಷಿಕರ ಮನೆಯಲ್ಲಿ ಇಂಥ ಕೆಲಸಕ್ಕೆ ಬರವೇ? ಒಣಗಿದ ಅಡಿಕೆಯನ್ನು ಒಂದು ಗೆರಸೆಯಿಂದ ಇನ್ನೊಂದಕ್ಕೆ ಹೆಕ್ಕಿ ಹಾಕುವುದು, ಕರಿಮೆಣಸನ್ನು ಗೆರೆಯಿಂದ ಬಿಡಿಸುವುದು, ಬಟ್ಟೆ ಮಡಚುವುದು, ಕೋಳಿಗೆ ಅಕ್ಕಿ ಚೆಲ್ಲುವುದು. ರಬ್ಬರ್ ಚೆಂಡು ಹಿಸುಕಲು ಬೇಸರಪಡುವ ಅಜ್ಜ ಅಡಿಕೆ ಹೆಕ್ಕಲು ಬೇಸರಪಡುವುದಿಲ್ಲ, ಯಾಕೆಂದರೆ ಅದರಲ್ಲಿ ಅವನ ಸಂಸಾರದ ಲಾಭನಷ್ಟವಿದೆ. ಮೇಲೆತ್ತಿ ಹಾಕಿದ ಅಡಿಕೆಯ ಲೆಕ್ಕವೇ ವ್ಯಾಯಾಮದ ಲೆಕ್ಕ. ಇವತ್ತು ಮೂವತ್ತಾದರೆ ಮುಂದಿನ ವಾರ ಐವತ್ತು.

ಬೀಳದಂತೆ ನೋಡಿಕೊಳ್ಳುವುದು

ನಡೆಯತೊಡಗಿದವನಿಗೆ ದೊಡ್ಡ ಶತ್ರು ಬೀಳುವುದು. ಬಿದ್ದರೆ ಸೊಂಟದ ಮೂಳೆ ಮುರಿಯುವುದು ಹೆಚ್ಚಾಗಿ ಸೋತ ಬದಿಯದೇ. ಪೇಟೆಯ ಪುಸ್ತಕಗಳಲ್ಲಿ ನೆಲಹಾಸು ತೆಗೆಯಿರಿ ಎಂದು ಬರೆದಿರುತ್ತಾರೆ. ನಮ್ಮ ಮನೆಗಳ ಅಪಾಯಗಳು ಬೇರೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ, ಎತ್ತರದ ಹೊಸ್ತಿಲು, ಹಿಡಿಗಂಬಿಯಿಲ್ಲದ ಜಗಲಿಯ ಮೆಟ್ಟಿಲು, ಸಾಬೂನು ನೀರು ನಿಂತ ಬಚ್ಚಲು, ಮನೆಯಿಂದ ದೂರದ ಪಾಯಿಖಾನೆ, ಗಿಡ್ಡ ಕಟ್ಟೆಯ ಬಾವಿ, ಕಣಿಯ ಮೇಲೆ ಹಾಕಿದ ಅಡಿಕೆ ಮರದ ಸಂಕ. ಮಳೆಗಾಲಕ್ಕೆ ಮುಂಚೆ ಅಂಗಳದಿಂದ ಬಚ್ಚಲಿಗೆ ಹೋಗುವ ಜಾಗದ ಪಾಚಿ ಉಜ್ಜಿ ತೆಗೆಯಬೇಕು. ಗೋಡೆಗೆ ಒಂದು ಪೈಪನ್ನು ಸೊಂಟದ ಎತ್ತರಕ್ಕೆ ಭದ್ರವಾಗಿ ಹಾಕಿಸಿದರೆ ಅದೇ ಹಿಡಿಗಂಬಿ. ಕುಕ್ಕರಗಾಲಿನ ಪಾಯಿಖಾನೆಯ ಮೇಲೆ ತೂತಿನ ಕುರ್ಚಿ ಇಡಬಹುದು. ರಾತ್ರಿ ಮಂಚದಿಂದ ಬಚ್ಚಲಿನವರೆಗೆ ಬೆಳಕಿರಬೇಕು. ಸಂಕ ದಾಟುವ ಆಸೆಯನ್ನು ಸದ್ಯಕ್ಕೆ ಬಿಡಬೇಕು, ತೋಟ ಅಲ್ಲಿಯೇ ಇರುತ್ತದೆ.

ಬೀಳುವ ಭಯದಿಂದ ಏಳುವುದನ್ನೇ ಬಿಡಿಸುವ ಮನೆಯವರೂ ಇದ್ದಾರೆ. ಅದರಿಂದ ಕಾಲು ಇನ್ನೂ ಸೋಲುತ್ತದೆ, ಬೀಳುವ ಸಂಭವ ಇನ್ನೂ ಹೆಚ್ಚುತ್ತದೆ. ಅಪಾಯವನ್ನು ದಾರಿಯಿಂದ ತೆಗೆಯಿರಿ, ದಾರಿಯನ್ನೇ ಮುಚ್ಚಬೇಡಿ.

ಹಣ ಯಾವುದಕ್ಕೆ?

ಈಗ ಖರ್ಚಿನ ಮಾತು. ಆಸ್ಪತ್ರೆಯಿಂದ ಬಂದ ಮೇಲೆ ಬಂಧುಗಳ ಸಲಹೆ ಶುರುವಾಗುತ್ತದೆ. ಒಬ್ಬರು ಒಂದು ಎಣ್ಣೆ ಹೇಳುತ್ತಾರೆ, ಇನ್ನೊಬ್ಬರು ಇನ್ನೊಂದು ಊರಿನ ನಾಟಿ ಮದ್ದು, ಮತ್ತೊಬ್ಬರು ಪಾರಿವಾಳದ ರಕ್ತ ತಿಕ್ಕಿದರೆ ಕಾಲು ಬಿಸಿಯಾಗುತ್ತದೆ ಎನ್ನುತ್ತಾರೆ. ರೋಗ ಇರುವುದು ಮಿದುಳಿನಲ್ಲಿ. ಚರ್ಮಕ್ಕೆ ತಿಕ್ಕಿದ ರಕ್ತ ಅಲ್ಲಿಗೆ ತಲುಪುವ ದಾರಿ ಯಾವುದು ಎಂದು ನಾವು ಕೇಳಬೇಕಾಗುತ್ತದೆ. ಎಣ್ಣೆ ಹಚ್ಚಿ ಮೆಲ್ಲನೆ ತಿಕ್ಕಿದರೆ ಮೈಗೆ ಹಾಯೆನಿಸಬಹುದು, ಮನೆಯವರ ಕೈಯ ಸ್ಪರ್ಶದಿಂದ ಮನಸ್ಸಿಗೂ ಹಿತ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ತಿಕ್ಕುವಾಗ ರೋಗಿ ಸುಮ್ಮನೆ ಮಲಗಿರುತ್ತಾನೆ, ಅವನ ಮಿದುಳು ಆ ಹೊತ್ತಿನಲ್ಲಿ ಏನನ್ನೂ ಕಲಿಯುವುದಿಲ್ಲ. ವ್ಯಾಯಾಮದ ಗಂಟೆಯನ್ನು ಎಣ್ಣೆಗೆ ಕೊಟ್ಟರೆ ನಷ್ಟ ಅಲ್ಲಿಯೇ. ಮದ್ದು ಸಿಕ್ಕಿತೆಂದು ರಕ್ತದೊತ್ತಡದ ಮಾತ್ರೆ ಬಿಟ್ಟರಂತೂ ಜೀವಕ್ಕೇ ಅಪಾಯ.

ಇನ್ನೊಂದು ಕಡೆ, ದೊಡ್ಡ ಪಟ್ಟಣದಲ್ಲಿ ಯಂತ್ರದ ಮೇಲೆ ನಡೆಸುತ್ತಾರಂತೆ, ಅಲ್ಲಿಗೆ ಹೋಗಲು ಹಣವಿಲ್ಲ ಎಂದು ಕೊರಗುವವರಿದ್ದಾರೆ. ಅವರಿಗೆ ಒಂದು ಸಮಾಧಾನದ ಸಂಗತಿ ಇದೆ. ಅಮೆರಿಕದಲ್ಲಿ 408 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಕೆಲವರನ್ನು ಮೇಲಿನಿಂದ ಪಟ್ಟಿಯಲ್ಲಿ ತೂಗಿ ಚಲಿಸುವ ಯಂತ್ರದ ಮೇಲೆ ನಡೆಸಿದರು. ಇನ್ನು ಕೆಲವರಿಗೆ ಫಿಸಿಯೊಥೆರಪಿಸ್ಟರು ಮನೆಗೇ ಹೋಗಿ ಶಕ್ತಿ ಮತ್ತು ಸಮತೋಲನದ ವ್ಯಾಯಾಮ ಮಾಡಿಸಿದರು. ಒಂದು ವರ್ಷದ ಕೊನೆಯಲ್ಲಿ ಒಟ್ಟು 52 ಶೇಕಡಾ ಜನರ ನಡಿಗೆ ಒಂದು ಹಂತ ಮೇಲೇರಿತ್ತು, ಮತ್ತು ಯಂತ್ರದವರಿಗೂ ಮನೆಯವರಿಗೂ ವ್ಯತ್ಯಾಸವಿರಲಿಲ್ಲ. ಮನೆಯ ಕುರ್ಚಿ, ಗೋಡೆ, ಮೆಟ್ಟಿಲುಗಳೇ ಸಾಕು ಎಂದಾಯಿತು. ಆದರೆ ಗಮನಿಸಿ, ಮನೆಯಲ್ಲಿ ಮಾಡಿಸಿದವರು ಕಲಿತವರು. ತಲಾ 90 ನಿಮಿಷದಂತೆ 36 ಸಲ, 12ರಿಂದ 16 ವಾರಗಳ ಕಾಲ ಮಾಡಿಸಿದ್ದರು.

ಮನೆಯವರಿಂದ ಮಾತ್ರ ಆಗದು

ಮನೆಯವರಿಗೇ ನಾಲ್ಕು ದಿನ ಹೇಳಿಕೊಟ್ಟು ಕಳುಹಿಸಿದರೆ ಆಗದೇ ಎಂಬ ಪ್ರಶ್ನೆ ನಮ್ಮ ದೇಶದಲ್ಲಿಯೇ ಪರೀಕ್ಷೆಗೆ ಬಂದಿದೆ. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ಎರಡು ಗುಂಪು ಮಾಡಿ ಒಂದು ಗುಂಪಿನ ಮನೆಯವರಿಗೆ ಆಸ್ಪತ್ರೆಯಲ್ಲಿಯೇ ತರಬೇತಿ ಕೊಟ್ಟು, ಮನೆಯಲ್ಲಿ ಎರಡು ತಿಂಗಳವರೆಗೆ ಮುಂದುವರಿಸುವಂತೆ ಮಾಡಲಾಯಿತು. 2017ರಲ್ಲಿ ಫಲಿತಾಂಶ ಬಂತು. ಆರು ತಿಂಗಳ ಕೊನೆಯಲ್ಲಿ ಎರಡೂ ಗುಂಪುಗಳಲ್ಲಿ 47 ಶೇಕಡಾ ಜನ ತೀರಿಹೋಗಿದ್ದರು ಅಥವಾ ಇನ್ನೊಬ್ಬರ ಆಶ್ರಯದಲ್ಲಿದ್ದರು. ಮನೆಯವರ ತರಬೇತಿಯಿಂದ ವ್ಯತ್ಯಾಸ ಕಾಣಲಿಲ್ಲ.

ಈ ಫಲಿತಾಂಶವನ್ನು ಬಚ್ಚಿಟ್ಟು ನಾವು ಉಪದೇಶ ಮಾಡಲಾರೆವು. ಅದರಿಂದ ನಾವು ತಿಳಿಯುವುದು ಇಷ್ಟು. ಮನೆಯವರ ಪ್ರೀತಿ ಬೇಕು, ಆದರೆ ಕಲಿತವರ ಕೈಗೆ ಅದು ಬದಲಿಯಲ್ಲ. ಯಾವ ಸ್ನಾಯು ಬಿಗಿದಿದೆ, ಯಾವಾಗ ಮುಂದಿನ ಹಂತಕ್ಕೆ ಹೋಗಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಹೇಳಲು ಫಿಸಿಯೊಥೆರಪಿಸ್ಟರು ಬೇಕು. ಅವರು ಬಾರದ ದಿನಗಳಲ್ಲಿ ಹೇಳಿದ್ದನ್ನು ಬಿಡದೆ ಮಾಡಿಸಲು ಮನೆಯವರು ಬೇಕು. ಎರಡು ಎತ್ತು ಕಟ್ಟಿದರೆ ನೇಗಿಲು ಸಾಗುತ್ತದೆ.

ಹಾಗಾದರೆ ಅವರು ಸಿಗುವುದೆಲ್ಲಿ? ನಮ್ಮ ಕಡೆಯವರು ದೊಡ್ಡ ಕಾಯಿಲೆಗೆ ಮಂಗಳೂರಿಗೆ ಓಡುತ್ತೇವೆ. ಪಾರ್ಶ್ವವಾಯುವಿನ ಮೊದಲ ಗಂಟೆಗಳಲ್ಲಿ ಅದು ಸರಿಯೇ. ಮುಖ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ತಲೆಯ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು, ಹೆಪ್ಪು ಕರಗಿಸುವ ಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಕೊಡುವಂಥದ್ದು. ಆದರೆ ವಾರಕ್ಕೆ ಮೂರು ಸಲ, ಮೂರು ತಿಂಗಳು, ಕೂರಲೂ ಬಾರದ ರೋಗಿಯನ್ನು ಜೀಪಿನಲ್ಲಿ ಹಾಕಿ ಗಡಿ ದಾಟಿಸುವುದು ಯಾರಿಂದಲೂ ಆಗುವ ಕೆಲಸವಲ್ಲ. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆಸ್ಪತ್ರೆ ಸೇರಲಾಗದೆ ಕಾಸರಗೋಡಿನ ರೋಗಿಗಳು ತೀರಿಕೊಂಡ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ದಿನನಿತ್ಯದ ಆರೈಕೆ ಮನೆಯ ಹತ್ತಿರ ಇರಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೇರಳ ಸರಕಾರ 2008ರಲ್ಲಿ ಪಾಲಿಯೇಟಿವ್ ಆರೈಕೆಯ ನೀತಿಯನ್ನು ಪ್ರಕಟಿಸಿತು. ಅದರಂತೆ ಪಂಚಾಯತುಗಳ ಮೂಲಕ ನರ್ಸು ಮತ್ತು ಆಶಾ ಕಾರ್ಯಕರ್ತೆಯರು ಹಾಸಿಗೆ ಹಿಡಿದವರ ಮನೆಗೆ ಬರುತ್ತಾರೆ. ನಮ್ಮಲ್ಲಿ ಹಲವರು ಅದನ್ನು ಸಾವಿನ ಹತ್ತಿರವಿರುವವರ ಸೇವೆ ಎಂದುಕೊಂಡು ಹೆಸರನ್ನೇ ಬರೆಸುವುದಿಲ್ಲ. ಪಾರ್ಶ್ವವಾಯುವಿನವರೂ ಅದಕ್ಕೆ ಅರ್ಹರು. ಹೆಸರು ಬರೆಸಿ. ಮತ್ತು ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡು ಬೇಡಿಕೆ ಇಡಿ. ಆ ವಾಹನದಲ್ಲಿ ನರ್ಸಿನ ಜೊತೆಗೆ ಫಿಸಿಯೊಥೆರಪಿಸ್ಟರೂ ನಿಯಮಿತವಾಗಿ ಬರಲಿ. ವ್ಯಾಯಾಮದ ಸೂಚನೆಗಳು ಚಿತ್ರಸಹಿತ ಕನ್ನಡದಲ್ಲಿ ಸಿಗಲಿ. ಮಿದುಳಿಗೆ ಏಟಾಗಿ ಮಾತೇ ಕಷ್ಟವಾದ ಅಜ್ಜಿಗೆ ತಾನು ಓದಲು ಕಲಿಯದ ಭಾಷೆಯಲ್ಲಿ ಬರೆದ ಚೀಟಿ ಕೊಟ್ಟರೆ ಫಲವೇನು? ಬಸ್ಸಿನ ಬೋರ್ಡಿಗಾಗಿ ನಾವು ಕನ್ನಡ ಕೇಳುತ್ತೇವೆ, ಮದ್ದಿನ ಚೀಟಿಗೂ ಕೇಳಬೇಕು.

ಎರಡು ಆಕ್ಷೇಪಗಳು

"ವಯಸ್ಸಾಯಿತಲ್ಲ, ಇನ್ನು ಯಾಕೆ ಕಷ್ಟ ಕೊಡುವುದು?" ಎಂಬುದು ಮೊದಲನೆಯದು. ವಯಸ್ಸಾದವರು ತೋಟಕ್ಕೆ ಹೋಗಿ ಮದ್ದು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಬಚ್ಚಲಿಗೆ ತಾನಾಗಿ ಹೋಗಬಲ್ಲವನಿಗೂ ಮಂಚದಲ್ಲೇ ಎಲ್ಲ ಆಗಬೇಕಾದವನಿಗೂ ಇರುವ ಅಂತರ ಎಪ್ಪತ್ತೈದರಲ್ಲಿ ಕಡಿಮೆಯಲ್ಲ, ಹೆಚ್ಚು. ಮಾನ ಎಂಬುದು ಮುಪ್ಪಿನಲ್ಲಿ ಇನ್ನೂ ದೊಡ್ಡದು.

"ಅಡಿಕೆ ಕೊಯ್ಲಿನ ಕಾಲದಲ್ಲಿ ಯಾರಿಗೆ ಪುರುಸೊತ್ತು?" ಎಂಬುದು ಎರಡನೆಯದು. ಇದು ನಿಜವಾದ ಕಷ್ಟ. ಹೆಚ್ಚಿನ ಮನೆಗಳಲ್ಲಿ ಈ ಭಾರವೆಲ್ಲ ಸೊಸೆಯ ಅಥವಾ ಹೆಂಡತಿಯ ತಲೆಗೆ ಬೀಳುತ್ತದೆ. ಹಟ್ಟಿ, ಅಡಿಗೆ, ಮಕ್ಕಳ ಶಾಲೆಯ ಜೊತೆಗೆ ರೋಗಿಯನ್ನು ಎತ್ತುವುದೂ ಅವಳದೇ ಆಗಿ ಅವಳ ಬೆನ್ನು ಹೋಗುತ್ತದೆ. ಗಂಡಸರು ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ತಾವಾಗಿ ವಹಿಸಿಕೊಳ್ಳಲಿ. ಶಾಲೆಯ ಮಕ್ಕಳು ಅಜ್ಜನ ಎದುರು ಕೂತು ಎಣಿಕೆ ಹಿಡಿಯಲಿ. ನಮ್ಮ ವಾರ್ಡುಗಳಲ್ಲಿ ರೋಗಿಯನ್ನು ನೋಡಲು ಹಣ್ಣು ಹಿಡಿದುಕೊಂಡು ಹೋಗುವ ಒಳ್ಳೆಯ ಪದ್ಧತಿಯಿದೆ. ಹೋದವರು ಮಂಚದ ಬಳಿ ಕೂತು ನಿಟ್ಟುಸಿರು ಬಿಟ್ಟು ಬರುವ ಬದಲು, ಅವರನ್ನು ಎಬ್ಬಿಸಿ ಕೂರಿಸಿ, ಹತ್ತು ಸಲ ನಿಲ್ಲಿಸಿ ಬರಲಿ. ಗುರಿಕಾರರು ಮನಸ್ಸು ಮಾಡಿದರೆ ಕೊಯ್ಲಿನ ಎರಡು ತಿಂಗಳಿಗೆ ಸರದಿ ಹಾಕುವುದು ಕಷ್ಟವಲ್ಲ. ಫಿಸಿಯೊಥೆರಪಿಸ್ಟರು ಒಂದು ವಾರ್ಡಿಗೆ ಬಂದಾಗ ನಾಲ್ಕು ಮನೆಯವರು ಸೇರಿ ಖರ್ಚು ಹಂಚಿಕೊಳ್ಳಬಹುದು.

ಕೊನೆಗೊಂದು ಎಚ್ಚರಿಕೆ. ಪಾರ್ಶ್ವವಾಯುಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು, ಒಮ್ಮೆ ಬಂದವರಿಗೇ ಮತ್ತೆ ಬಂದದ್ದು. ಕಷ್ಟಪಟ್ಟು ಕಲಿತ ನಡಿಗೆಯನ್ನು ಎರಡನೆಯ ಏಟು ಒಂದೇ ದಿನದಲ್ಲಿ ಕಸಿದುಕೊಳ್ಳಬಹುದು. ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮದ್ದು ವೈದ್ಯರು ಹೇಳದೆ ನಿಲ್ಲಿಸಬಾರದು. ಗಂಜಿಯ ಜೊತೆಯ ಉಪ್ಪಿನಕಾಯಿ ಮತ್ತು ಒಣಮೀನು ಮಿತಿಯಲ್ಲಿರಲಿ. ಬೀಡಿ, ಎಲೆಯಡಿಕೆಯ ಹೊಗೆಸೊಪ್ಪು, ಸಂಜೆಯ ಕುಡಿತ, ಮೂರೂ ಬಿಡಲಿಕ್ಕಿರುವುದೇ.

ಪ್ರಿಯ ವಾಚಕರೇ, ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಇಂಥವರೊಬ್ಬರು ಇದ್ದರೆ ಇವತ್ತೇ ಒಂದು ಪ್ರಶ್ನೆ ಕೇಳಿ ನೋಡಿ. ನಾವು ಅವರಿಗಾಗಿ ಮಾಡುತ್ತಿರುವ ಕೆಲಸಗಳಲ್ಲಿ ಅವರೇ ಮಾಡಿಕೊಳ್ಳಬಹುದಾದದ್ದು ಯಾವುದು? ಅದು ಲೋಟ ಹಿಡಿಯುವುದಿರಬಹುದು, ಅಂಗಿಯ ಗುಂಡಿ ಹಾಕುವುದಿರಬಹುದು, ಊಟಕ್ಕೆ ಮೇಜಿನ ತನಕ ಬರುವುದಿರಬಹುದು. ಆ ಒಂದನ್ನು ನಾಳೆಯಿಂದ ಅವರಿಗೆ ಬಿಟ್ಟುಕೊಡಿ. ಹೊತ್ತು ಹಿಡಿಯುತ್ತದೆ, ಅನ್ನ ಚೆಲ್ಲುತ್ತದೆ, ನೋಡುವವರ ಕೈ ತುರಿಸುತ್ತದೆ. ಆದರೂ ಪಕ್ಕದಲ್ಲಿ ನಿಂತು ಕಾಯಿರಿ. ಪಾರ್ಶ್ವವಾಯು ಬಡಿದ ಮನೆಯಲ್ಲಿ ಹಾಗೆ ಕಾಯುವುದೂ ಆರೈಕೆಯೇ.